ಕುರುಹು ಅಳಿದರೂ ಅರಿವು ಉಳಿಯಲಿ



ಕುರುಹು, ಅರಿವು ಎಂಬ ಎರಡು ಮಾತುಗಳನ್ನು ನಮ್ಮ ಶರಣರು ಬಹು ಸೂಕ್ಷ್ಮವಾಗಿ ಬಳಸಿದ್ದಾರೆ. ಕಣ್ಣಿಗೆ ಕಾಣುವ, ಕೈಗೆ ಸಿಕ್ಕುವ ಗುರುತು ಕುರುಹು. ಆ ಗುರುತಿನ ಮೂಲಕ ಒಳಗೆ ಮೂಡುವ ಬೆಳಕು ಅರಿವು. ಕುರುಹಿನ ನೆರವಿಲ್ಲದೆ ಸಾಮಾನ್ಯರಾದ ನಮಗೆ ಅರಿವಿನ ದಾರಿ ದೊರೆಯುವುದಿಲ್ಲ. ಕುರುಹಿನಲ್ಲಿಯೇ ನಿಂತುಬಿಟ್ಟವನಿಗೆ ಆ ದಾರಿ ಸಾಗುವುದಿಲ್ಲ. ಇಷ್ಟಲಿಂಗವನ್ನು ಕರಸ್ಥಲದಲ್ಲಿ ಧರಿಸುವವರಿಗೆ ಈ ತತ್ತ್ವವು ಹೊಸದಲ್ಲ. ಆದರೆ ತತ್ತ್ವವು ಪೂಜೆಯ ವೇಳೆಗೆ ಮಾತ್ರ ಮೀಸಲಾದುದಲ್ಲ. ಸಂಸಾರದ ನಿತ್ಯದ ಸುಖದುಃಖಗಳಲ್ಲಿಯೂ ಅದು ಊರುಗೋಲಾಗಬೇಕು. ಆದುದರಿಂದ ಇಂದಿನ ಮನೆಮನೆಗಳಲ್ಲಿ ಕಾಣುವ ಒಂದು ದುಃಖವನ್ನು ಈ ಬೆಳಕಿನಲ್ಲಿ ವಿಚಾರಿಸೋಣ.

ಹಿಂದೆ ಗೋಡೆಯ ಮೇಲೆ ಹಿರಿಯರ ನಾಲ್ಕು ಭಾವಚಿತ್ರಗಳು, ಪೆಟ್ಟಿಗೆಯಲ್ಲಿ ಮದುವೆಯ ಒಂದು ಆಲ್ಬಮ್, ಇಷ್ಟೇ ಒಂದು ಮನೆತನದ ಚಿತ್ರಸಂಪತ್ತಾಗಿತ್ತು. ಇಂದು ಅಂಗೈಯಗಲದ ಫೋನಿನಲ್ಲಿ ಸಾವಿರಾರು ಚಿತ್ರಗಳೂ ವೀಡಿಯೊಗಳೂ ಇರುತ್ತವೆ. ಕೂಸಿನ ಮೊದಲ ಹೆಜ್ಜೆ, ಮಗಳ ಮದುವೆ, ಲಿಂಗೈಕ್ಯರಾದ ತಂದೆಯ ನಗು, ಅವರ ಧ್ವನಿ, ಎಲ್ಲವೂ ಅದರೊಳಗೆ. ಒಂದು ದಿನ ಆ ಫೋನು ನೀರಿಗೆ ಬೀಳುತ್ತದೆ. ಅಥವಾ ಹಾರ್ಡ್ ಡಿಸ್ಕ್ ತಿರುಗುವುದನ್ನು ನಿಲ್ಲಿಸುತ್ತದೆ. ಅಥವಾ ಮನೆಯವರೇ ಒಬ್ಬರು ತಿಳಿಯದೆ ಒಂದು ಗುಂಡಿಯನ್ನೊತ್ತುತ್ತಾರೆ. ಇಪ್ಪತ್ತು ವರ್ಷಗಳ ಸಂಗ್ರಹ ಕ್ಷಣಮಾತ್ರದಲ್ಲಿ ಇಲ್ಲವಾಗುತ್ತದೆ.

ಇಂಥವರನ್ನು ಕಂಡು, "ಎಲ್ಲವೂ ಮಾಯೆ, ಚಿತ್ರ ಹೋದರೆ ಅಳುವುದೇಕೆ?" ಎಂದು ಸುಲಭವಾಗಿ ಹೇಳುವವರುಂಟು. ಇದು ವೈರಾಗ್ಯದ ಮಾತಲ್ಲ, ಕರುಣೆಯಿಲ್ಲದ ಮಾತು. ಆ ತಾಯಿಯು ಅತ್ತದ್ದು ಗಾಜಿಗಾಗಿ ಅಲ್ಲ, ಲೋಹಕ್ಕಾಗಿ ಅಲ್ಲ. ಮತ್ತೆ ಕೇಳಲಾಗದ ಒಂದು ಧ್ವನಿಗಾಗಿ. ಕುರುಹು ಕಳೆದಾಗ ದುಃಖವಾಗುವುದು ಪ್ರೀತಿಯಿದ್ದುದಕ್ಕೆ ಸಾಕ್ಷಿ. ದಯೆಯನ್ನೇ ಧರ್ಮದ ಬೇರೆಂದು ತಿಳಿದವರು ಮೊದಲು ಆ ದುಃಖದ ಪಕ್ಕದಲ್ಲಿ ಕುಳಿತುಕೊಳ್ಳಬೇಕು, ಉಪದೇಶವೇನಿದ್ದರೂ ಅನಂತರ.

ದುಃಖಕ್ಕಿಂತ ಹೆಚ್ಚು ಹಾನಿಯನ್ನು ಮಾಡುವುದು ಅದರ ಬೆನ್ನಿಗೆ ಬರುವ ಕೋಪ. "ನಿನ್ನಿಂದಲೇ ಹೋಯಿತು" ಎಂದು ಗಂಡನು ಹೆಂಡತಿಯನ್ನು, ತಾಯಿಯು ಮಗನನ್ನು ವರ್ಷಗಟ್ಟಲೆ ಚುಚ್ಚುವುದುಂಟು. ಚಿತ್ರದಲ್ಲಿದ್ದ ನಗುವಿಗಾಗಿ ಮನೆಯಲ್ಲಿರುವ ನಗುವನ್ನು ಬಲಿಗೊಡುವುದು ಎಂಥ ವಿಪರೀತ! ಚಿತ್ರವನ್ನು ಕಳೆದವನಿಗೂ ಅದು ಪ್ರಿಯವಾಗಿಯೇ ಇತ್ತೆಂಬುದನ್ನು ನೆನೆಯಬೇಕು.

ಈ ಯಂತ್ರಗಳ ಸ್ವಭಾವವನ್ನು ನೋಡಿದರೂ ಶಾಂತಿಯೇ ಲಾಭವೆಂದು ತೋರುತ್ತದೆ. ಕ್ಯಾಮೆರಾದ ಮೆಮೊರಿ ಕಾರ್ಡಿನಿಂದ ಚಿತ್ರವನ್ನು ಅಳಿಸಿದಾಗ ಸಾಮಾನ್ಯವಾಗಿ ಚಿತ್ರವು ಒಡನೆಯೇ ನಾಶವಾಗುವುದಿಲ್ಲ. ಅದು ಎಲ್ಲಿದೆಯೆಂದು ತಿಳಿಸುವ ಸೂಚಿಯ ನಮೂದು ಮಾತ್ರ ಹೋಗುತ್ತದೆ. ಅದರ ಮೇಲೆ ಹೊಸದನ್ನು ಬರೆದಾಗ ಹಳೆಯದು ನಿಜವಾಗಿ ಅಳಿಯುತ್ತದೆ. ಆದುದರಿಂದ ಗಾಬರಿಯಿಂದ ಏನೇನೋ ಒತ್ತದೆ, ಕಾರ್ಡನ್ನು ಹೊರತೆಗೆದು, ಬಲ್ಲವರ ಕೈಗೆ ಕೊಟ್ಟರೆ ಎಷ್ಟೋ ವೇಳೆ ಚಿತ್ರಗಳು ಮರಳಿ ದೊರೆಯುತ್ತವೆ. ಇಂದಿನ ಫೋನುಗಳಲ್ಲಿ ಎಲ್ಲವೂ ಗೂಢಲಿಪಿಯಲ್ಲಿರುವುದರಿಂದ ಇದು ಕಷ್ಟ. ಆದರೂ ಅಳಿಸಿದ ಚಿತ್ರಗಳನ್ನು ಕೆಲವು ದಿನಗಳವರೆಗೆ ಬೇರೆಡೆ ಇಟ್ಟಿರುವ ಏರ್ಪಾಡು ಅನೇಕ ಫೋನುಗಳಲ್ಲಿದೆ. ತಾಳ್ಮೆಯುಳ್ಳವನು ಮೊದಲು ಅಲ್ಲಿ ಹುಡುಕುತ್ತಾನೆ.

ಇನ್ನು ಮುನ್ನೆಚ್ಚರಿಕೆಯ ವಿಚಾರ. ಒಂದೇ ಕಡೆ ಕೂಡಿಟ್ಟದ್ದು ಎಷ್ಟು ಭದ್ರವೆಂದು ತೋರಿದರೂ ಭದ್ರವಲ್ಲ. ಕೋಟ್ಯಂತರ ಜನರು ನಂಬಿದ್ದ ಅಮೆರಿಕದ ಮೈಸ್ಪೇಸ್ ಎಂಬ ಜಾಲತಾಣವು, ಯಂತ್ರಗಳನ್ನು ಬದಲಾಯಿಸುವಾಗ ಜನರು ಇರಿಸಿದ್ದ ಹಳೆಯ ಚಿತ್ರ, ವೀಡಿಯೊ, ಹಾಡುಗಳೆಲ್ಲ ಹೋದುವೆಂದು 2019ರಲ್ಲಿ ಒಪ್ಪಿಕೊಂಡಿತು. ದೊಡ್ಡವರ ಉಗ್ರಾಣಕ್ಕೂ ಅಳಿವು ತಪ್ಪಲಿಲ್ಲ. ಇದಕ್ಕೆ ಪ್ರತಿಯಾಗಿ ಇನ್ನೊಂದು ಸಂಗತಿಯನ್ನು ನೋಡಿರಿ. 1998ರಲ್ಲಿ ಪಿಕ್ಸಾರ್ ಸಂಸ್ಥೆಯು 'ಟಾಯ್ ಸ್ಟೋರಿ 2' ಎಂಬ ಚಿತ್ರವನ್ನು ಸಿದ್ಧಪಡಿಸುತ್ತಿದ್ದಾಗ, ಒಂದು ತಪ್ಪು ಆಜ್ಞೆಯಿಂದ ಚಿತ್ರದ ಬಹುಭಾಗವು ಅಳಿಸಿಹೋಯಿತು. ಕಾದಿರಿಸಿದ ಪ್ರತಿಯೂ ಸರಿಯಾಗಿರಲಿಲ್ಲ. ಅಲ್ಲಿ ಕೆಲಸ ಮಾಡುತ್ತಿದ್ದ ಗ್ಯಾಲಿನ್ ಸಸ್ಮನ್ ಎಂಬಾಕೆ, ಎಳೆಗೂಸಿನ ಆರೈಕೆಗಾಗಿ ಮನೆಯಿಂದಲೇ ದುಡಿಯುತ್ತಿದ್ದುದರಿಂದ, ಒಂದು ಪ್ರತಿಯು ಆಕೆಯ ಮನೆಯ ಕಂಪ್ಯೂಟರಿನಲ್ಲಿ ಇತ್ತು. ಅದರಿಂದಲೇ ಚಿತ್ರವು ಬದುಕಿ 1999ರಲ್ಲಿ ತೆರೆಕಂಡಿತು. ಉಗ್ರಾಣವು ಕಾಯಲಾರದ್ದನ್ನು ತೊಟ್ಟಿಲ ಪಕ್ಕದ ಪ್ರತಿ ಕಾಯಿತು!

ಮೂರು ಪ್ರತಿಗಳಿರಲಿ, ಅವು ಎರಡು ಬಗೆಯ ಸಾಧನಗಳಲ್ಲಿರಲಿ, ಒಂದು ಪ್ರತಿಯು ಬೇರೊಂದು ಊರಿನಲ್ಲಿರಲಿ ಎಂದು ಈ ವಿದ್ಯೆಯನ್ನು ಬಲ್ಲವರು ಹೇಳುತ್ತಾರೆ. ಫೋನನ್ನೂ ಕ್ಲೌಡನ್ನೂ ಜೋಡಿಸಿದ ಮಾತ್ರಕ್ಕೆ ಎರಡು ಪ್ರತಿಗಳಾದುವೆಂದು ತಿಳಿಯಬಾರದು. ಒಂದರಲ್ಲಿ ಅಳಿಸಿದರೆ ಇನ್ನೊಂದರಲ್ಲಿಯೂ ಅಳಿಯುವ ಏರ್ಪಾಡು ಸಾಮಾನ್ಯವಾಗಿದೆ. ನಮ್ಮ ಮಾತಿನಲ್ಲಿ ಹೇಳುವುದಾದರೆ ಈ ನಿಯಮದ ಹೆಸರೇ ದಾಸೋಹ. ತನ್ನಲ್ಲಿಯೇ ಬಚ್ಚಿಟ್ಟದ್ದು ತನ್ನೊಡನೆ ಹೋಗುತ್ತದೆ. ಹಂಚಿಕೊಂಡದ್ದು ಹತ್ತು ಮನೆಗಳಲ್ಲಿ ಉಳಿಯುತ್ತದೆ. ತಂಗಿಗೆ ಒಂದು ಪ್ರತಿ, ಊರಿನ ಚಿಕ್ಕಪ್ಪನವರಿಗೆ ಒಂದು ಪ್ರತಿ, ಕಾಗದದ ಮೇಲೆ ಅಚ್ಚುಮಾಡಿಸಿದ ಕೆಲವು ಚಿತ್ರಗಳು, ಅವುಗಳ ಹಿಂದೆ ಹೆಸರು ಮತ್ತು ವರ್ಷ: ಇದು ದೊಡ್ಡ ಖರ್ಚಿನ ಕಾರ್ಯವಲ್ಲ.

ವಚನಗಳು ನಮ್ಮವರೆಗೆ ಬಂದುದೂ ಹೀಗೆಯೇ ಅಲ್ಲವೇ? ಹನ್ನೆರಡನೆಯ ಶತಮಾನದ ಕಲ್ಯಾಣದ ಕ್ರಾಂತಿಯಲ್ಲಿ ಶರಣರು ದಿಕ್ಕುಪಾಲಾದರು. ಒಂದೇ ಭಂಡಾರವನ್ನು ನೆಚ್ಚಿದ್ದರೆ ಆ ವಾಙ್ಮಯವು ಎಂದೋ ಬೂದಿಯಾಗುತ್ತಿತ್ತು. ತಾಳೆಯ ಗರಿಯನ್ನು ಹುಳು ತಿನ್ನುವ ಮೊದಲೇ ಇನ್ನೊಬ್ಬನು ಪ್ರತಿಮಾಡಿದನು. ಮಠದಲ್ಲಿ ಒಂದು ಕಟ್ಟು, ಭಕ್ತರ ಜಗುಲಿಯ ಮೇಲೆ ಇನ್ನೊಂದು ಕಟ್ಟು ಉಳಿಯಿತು. ವಿಜಾಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ಇಂಥ ಕಟ್ಟುಗಳನ್ನು ಮನೆಮನೆ ಅಲೆದು ಕೂಡಿಸಿ, 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಪ್ರಕಟಿಸಿದರು. 1926ರಲ್ಲಿ 'ಶಿವಾನುಭವ' ಪತ್ರಿಕೆಯನ್ನು ಆರಂಭಿಸಿದರು. ಓಲೆಯಿಂದ ಅಚ್ಚಿಗೆ ಬಂದ ಮಾತು ಸಾವಿರ ಕೈಗಳನ್ನು ಸೇರಿತು. ಇನ್ನು ಅದನ್ನು ಅಳಿಸುವವರಾರು?

ಇಷ್ಟಾದರೂ, ಎಲ್ಲ ಯತ್ನಗಳೂ ಸೋತು ಚಿತ್ರಗಳು ಮರಳಿ ಬಾರದಿದ್ದರೆ? ಆಗಲೇ ಅರಿವಿನ ಪರೀಕ್ಷೆ. ಒಂದು ಸಂಜೆ ಮನೆಯವರೆಲ್ಲರೂ ಕೂಡಿರಿ. ಹೋದ ಚಿತ್ರಗಳನ್ನು ಒಂದೊಂದಾಗಿ ನೆನೆದು ಹೇಳಿರಿ. ಕಿರಿಯರು ಅದನ್ನು ಬರೆದುಕೊಳ್ಳಲಿ. ತಂದೆಯವರು ಹೇಗೆ ನಕ್ಕರು, ಯಾರನ್ನು ಏನೆಂದು ಕರೆಯುತ್ತಿದ್ದರು, ಬಾಗಿಲಿಗೆ ಬಂದವರಿಗೆ ಹೇಗೆ ಅನ್ನವಿಕ್ಕಿದರು ಎಂಬುದನ್ನು ಮಾತಿನಲ್ಲಿ ಮತ್ತೆ ಮೂಡಿಸಿರಿ. ಅವರ ಧ್ವನಿಯನ್ನು ಯಂತ್ರವು ಹಿಂದಿರುಗಿಸದೆ ಇರಬಹುದು. ಆದರೆ ಅವರು ಹಸಿದವನನ್ನು ಕರೆದ ರೀತಿಯಲ್ಲಿಯೇ ನಾವೂ ಕರೆದರೆ, ಆ ಕರೆಯು ಮನೆಯಲ್ಲಿ ನಿಲ್ಲುತ್ತದೆ. ಸಾವಿರ ಚಿತ್ರಗಳಿದ್ದೂ ಅವುಗಳನ್ನು ತೆರೆದುನೋಡದ ಮನೆಯಲ್ಲಿ ಹಿರಿಯರು ಎಂದೋ ಮರೆಯಾಗಿದ್ದಾರೆ; ಒಂದು ಚಿತ್ರವೂ ಇಲ್ಲದೆ ಅವರ ನಡೆಯನ್ನು ಕಾಯ್ದುಕೊಂಡ ಮನೆಯಲ್ಲಿ ಅವರು ಇನ್ನೂ ಇದ್ದಾರೆ.

ಕುರುಹನ್ನು ಜತನದಿಂದ ಕಾಯೋಣ. ಹತ್ತು ಜನರೊಡನೆ ಹಂಚಿಕೊಳ್ಳೋಣ. ಅದು ಅಳಿದ ದಿನ ಒಬ್ಬರನ್ನೊಬ್ಬರು ದೂರದೆ, ಅರಿವಿನ ದೀಪವನ್ನು ಇನ್ನಷ್ಟು ಎತ್ತಿ ಹಿಡಿಯೋಣ.