ಹೌದೋ ಅಲ್ಲವೋ: ಒಂದು ಆಟದ ಜಗಳ

ರಾಯದುರ್ಗ ಮತ್ತು ಮಡಕಶಿರಾ ಕಡೆಯ ನಮ್ಮ ಕನ್ನಡ ಕುಟುಂಬಗಳ ಯುವಕ ಯುವತಿಯರು ಭಾನುವಾರ ರಾತ್ರಿ ಊಟವಾದ ಮೇಲೆ ಫೋನಿನಲ್ಲಿ ಒಂದು ಆಟ ಆಡುತ್ತಾರೆ. ಕೆಲಸಕ್ಕೆಂದು ಬೆಂಗಳೂರಿಗೆ ಹೋದವರೂ ಅಲ್ಲಿಂದಲೇ ಸೇರಿಕೊಳ್ಳುತ್ತಾರೆ. ಒಬ್ಬರು ಮನಸ್ಸಿನಲ್ಲಿ ಒಬ್ಬ ವ್ಯಕ್ತಿಯನ್ನು ಇಟ್ಟುಕೊಳ್ಳಬೇಕು, ಉಳಿದವರು ಪ್ರಶ್ನೆ ಕೇಳಬೇಕು. ಉತ್ತರ ಎರಡೇ: ಹೌದು, ಅಲ್ಲ. ಇಪ್ಪತ್ತು ಪ್ರಶ್ನೆಯೊಳಗೆ ಹೆಸರು ಸಿಕ್ಕರೆ ಕೇಳಿದವರು ಗೆದ್ದಂತೆ. ವಯಸ್ಸು ಮರೆತು ನಾವೂ ಆಗಾಗ ಕೂರುತ್ತೇವೆ. ಬಹಳ ಸಲ ಸೋಲುತ್ತೇವೆ.

ಆಟ ಹೊಸದಲ್ಲ. 1946ರಲ್ಲಿ ಅಮೆರಿಕದ ರೇಡಿಯೊದಲ್ಲಿ, ಮರುವರ್ಷ ಬಿಬಿಸಿಯಲ್ಲಿ ಇದು ಕಾರ್ಯಕ್ರಮವೇ ಆಗಿತ್ತು. ಇಪ್ಪತ್ತು ಪ್ರಶ್ನೆ ಎಂದರೆ ಕಡಿಮೆ ಎನಿಸಬಹುದು. ಆದರೆ ಪ್ರತಿ ಪ್ರಶ್ನೆಯೂ ಉಳಿದವರನ್ನು ಸರಿಯಾಗಿ ಅರ್ಧ ಮಾಡುತ್ತಾ ಹೋದರೆ 10,48,576 ಜನರಲ್ಲಿ ಒಬ್ಬರನ್ನು ಹಿಡಿಯಬಹುದು. ಆ ಲೆಕ್ಕ ನಿಲ್ಲುವುದು ಒಂದೇ ಒಂದು ಕಂಬದ ಮೇಲೆ: ಗುಟ್ಟು ಇಟ್ಟುಕೊಂಡವರು ನಿಜ ಹೇಳಬೇಕು. ಒಂದು ಉತ್ತರ ತಪ್ಪಿದರೂ ಎಲ್ಲರೂ ಬೇರೆ ದಾರಿ ಹಿಡಿದು ಹೋಗುತ್ತಾರೆ. ಅವರ ಮನಸ್ಸಿನೊಳಗೆ ಇಣುಕಿ ನೋಡುವವರು ಯಾರೂ ಇಲ್ಲ.

ಕಳೆದ ತಿಂಗಳು ಇದೇ ವಿಷಯಕ್ಕೆ ಜಗಳವಾಯಿತು. ಮಡಕಶಿರಾ ಕಡೆಯ ಒಬ್ಬ ಹುಡುಗಿಯ ಸರದಿ. ಗಂಡಸು, ಈಗ ಬದುಕಿಲ್ಲ, ನಟ ಎಂಬಷ್ಟು ಗೊತ್ತಾಯಿತು. ಏಳನೆಯ ಪ್ರಶ್ನೆ, "ತೆಲುಗಿನವರಾ?" ಹೌದು ಎಂದಳು. ಎಂಟನೆಯದು, "ಕನ್ನಡದವರಾ?" ಸ್ವಲ್ಪ ತಡೆದು, ಅಲ್ಲ ಎಂದಳು. ಅಲ್ಲಿಂದ ಮುಂದೆ ಎಲ್ಲರೂ ತೆಲುಗು ಸಿನಿಮಾದ ಹಿಂದೆ ಓಡಿದರು. ಚಿತ್ತೂರು ನಾಗಯ್ಯನವರವರೆಗೆ ಹೋಗಿ ಇಪ್ಪತ್ತೂ ಮುಗಿದವು.

ಆಮೇಲೆ ಹೆಸರು ಹೇಳಿದಳು: ಬಳ್ಳಾರಿ ರಾಘವ.

ರಾಯದುರ್ಗದ ಹುಡುಗ ಸಿಡಿದೆದ್ದ. "ಹೆಸರಲ್ಲೇ ಬಳ್ಳಾರಿ ಐತಲ್ಲಮ್ಮಾ! ಕನ್ನಡದವರಲ್ಲ ಅಂತ ಸುಳ್ಳು ಹೇಳಿದಿ." ಆಕೆಯೂ ಬಿಡಲಿಲ್ಲ. "ತೆಲುಗು ನಾಟಕದಲ್ಲಿ ಅಷ್ಟು ದೊಡ್ಡ ಹೆಸರು ಅಣ್ಣಾ. ಎರಡಕ್ಕೂ ಹೌದು ಅನ್ನೋಕಾಗುತ್ತಾ?"

ರಾಘವ ಅವರು ಹುಟ್ಟಿದ್ದು 1880ರಲ್ಲಿ, ನಮ್ಮ ಅನಂತಪುರ ಜಿಲ್ಲೆಯ ತಾಡಿಪತ್ರಿಯಲ್ಲಿ. ವಕೀಲಿಕೆ ನಡೆಸಿದ್ದು ಬಳ್ಳಾರಿಯಲ್ಲಿ. ತೆಲುಗು ರಂಗಭೂಮಿಯ ಮಹಾನಟರಾದರೂ ಕನ್ನಡ, ಇಂಗ್ಲಿಷ್ ನಾಟಕಗಳಲ್ಲೂ ಪಾತ್ರ ಮಾಡಿದವರು. 1946ರಲ್ಲಿ ತೀರಿಕೊಂಡರು. ಇವತ್ತಿಗೂ ಎರಡೂ ಕಡೆಯವರು ನಮ್ಮವರೆನ್ನುತ್ತಾರೆ, ಎರಡೂ ಕಡೆಯವರು ಹೇಳುವುದು ನಿಜವೇ. ಹಾಗಾದರೆ ಆ ಹುಡುಗಿ ಹೇಳಿದ್ದು ಸುಳ್ಳೇ?

ನಮ್ಮನ್ನು ತೀರ್ಪು ಕೇಳಿದರು. ಸಂತ ಅಗಸ್ಟೀನರು ಸುಳ್ಳಿನ ವಿಷಯವಾಗಿಯೇ ಒಂದು ಪುಸ್ತಕ ಬರೆದಿದ್ದಾರೆ. ಸುಳ್ಳಿಗೆ ಅವರು ಇಟ್ಟ ಅಳತೆ ಬಾಯಿಂದ ಬಂದ ಮಾತು ಮಾತ್ರವಲ್ಲ, ಮೋಸಗೊಳಿಸುವ ಇಚ್ಛೆಯೂ ಹೌದು. ತಮಾಷೆಯ ಮಾತನ್ನು ಅವರು ಸುಳ್ಳಿನ ಲೆಕ್ಕಕ್ಕೆ ಸೇರಿಸುವುದಿಲ್ಲ. ಇದು ಆಟವಲ್ಲವೇ, ಬಿಟ್ಟುಬಿಡಿ ಎಂದು ಕೈ ತೊಳೆದುಕೊಳ್ಳಬಹುದಿತ್ತು. ಆದರೆ ತಮಾಷೆಯಲ್ಲಿ ಕೇಳುವವರಿಗೂ ಅದು ತಮಾಷೆಯೆಂದು ಗೊತ್ತಿರುತ್ತದೆ. ಇಲ್ಲಿ ಕೇಳಿದವರು ಅವಳ ಮಾತನ್ನು ನಿಜವೆಂದೇ ನಂಬಿದ್ದರು. ಆದ್ದರಿಂದ ನೇರವಾಗಿ ಕೇಳಿದೆವು: "ಆ ಎಂಟನೇ ಉತ್ತರ ಕೊಡುವಾಗ ಏನು ಯೋಚಿಸಿದೆ ತಾಯಿ?" ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು, "ಎರಡಕ್ಕೂ ಹೌದು ಅಂದಿದ್ರೆ ತಕ್ಷಣ ಕಂಡುಹಿಡಿದುಬಿಡೋರು ಅಂಕಲ್."

ಏಳನೆಯ ಉತ್ತರದಲ್ಲಿ ತಪ್ಪಿಲ್ಲ. ಎಂಟನೆಯದರಲ್ಲಿ ಇದೆ. ಹೆಸರನ್ನು ಬಚ್ಚಿಡುವುದು ಆಟದ ಹಕ್ಕು. ದಾರಿ ತಪ್ಪಿಸುವುದು ಆ ಹಕ್ಕಿನೊಳಗೆ ಬರುವುದಿಲ್ಲ. ಪಾಪನಿವೇದನೆ ಕೇಳಿದ ಗುರುಗಳು ಗುಟ್ಟು ಕಾಯುವುದು ಮೌನದಿಂದ, ಸುಳ್ಳಿನಿಂದಲ್ಲ. ಆದರೆ ಹುಡುಗನ ಕಡೆಯೂ ನ್ಯಾಯ ಪೂರ್ತಿ ಇರಲಿಲ್ಲ. ಏಳಕ್ಕೆ ಅಲ್ಲ, ಎಂಟಕ್ಕೆ ಹೌದು ಎಂದಿದ್ದರೆ ಅವನು ತುಟಿಪಿಟಕ್ಕೆನ್ನುತ್ತಿರಲಿಲ್ಲ ಎಂದು ನಮ್ಮ ಗುಮಾನಿ. ಅದೂ ಅಷ್ಟೇ ಸುಳ್ಳಾಗುತ್ತಿತ್ತು.

ಇಷ್ಟು ಹೇಳಿ ಮಲಗಿದೆವು. ನಿದ್ದೆ ಬರಲಿಲ್ಲ.

ನಮ್ಮ ಅಜ್ಜಿಯನ್ನೇ ಯಾರಾದರೂ ಮನಸ್ಸಿನಲ್ಲಿ ಇಟ್ಟುಕೊಂಡಿದ್ದರೆ? ರಾಯದುರ್ಗದಲ್ಲೇ ಹುಟ್ಟಿ, ರಾಯದುರ್ಗದಲ್ಲೇ ಮದುವೆಯಾಗಿ, ಅಲ್ಲೇ ಮಣ್ಣಾದವರು. ಹುಟ್ಟಿದಾಗ ಊರು ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾದಾಗ ಆಲೂರು, ಆದೋನಿ, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು, ಬಳ್ಳಾರಿ ಮೈಸೂರಿಗೆ ಹೋಯಿತು. ಅಜ್ಜಿ ಒಲೆ ಮುಂದಿನಿಂದ ಎದ್ದಿರಲಿಲ್ಲ, ರಾಜ್ಯ ಬದಲಾಗಿತ್ತು. ಮಡಕಶಿರಾದವರ ಕಥೆಯೂ ಇಂಥದ್ದೇ. ಮೂರು ಕಡೆ ಕರ್ನಾಟಕ, ಅಮರಾಪುರದ ಹತ್ತಿರದ ಹೇಮಾವತಿಯಲ್ಲಿ ನೊಳಂಬರ ಕಾಲದ ಕನ್ನಡ ಶಾಸನಗಳು, ವಿಳಾಸದಲ್ಲಿ ಆಂಧ್ರ. 2022ರಲ್ಲಿ ಜಿಲ್ಲೆಯ ಹೆಸರೂ ಬದಲಾಗಿ ಅವರು ಶ್ರೀ ಸತ್ಯಸಾಯಿ ಜಿಲ್ಲೆಯವರಾದರು. "ಕರ್ನಾಟಕದವರಾ?" ಎಂದು ಕೇಳಿದರೆ ಅಲ್ಲ ಎನ್ನಬೇಕು. ಹಾಗೆಂದ ತಕ್ಷಣ ಕೇಳಿದವರು ಕನ್ನಡವನ್ನೂ ಪಟ್ಟಿಯಿಂದ ಹೊಡೆದುಹಾಕುತ್ತಾರೆ.

ನಿದ್ದೆಗೆಟ್ಟದ್ದು ಇದಕ್ಕಲ್ಲ. ಕೆಲವು ವರ್ಷಗಳ ಹಿಂದೆ ಒಂದು ಕಚೇರಿಯಲ್ಲಿ ಅರ್ಜಿ ಕೊಡಲು ನಿಂತಿದ್ದೆವು. ಮಾತೃಭಾಷೆ ಎಂಬಲ್ಲಿ ಖಾಲಿ ಬಿಟ್ಟಿದ್ದನ್ನು ನೋಡಿ ಗುಮಾಸ್ತರು ಪೆನ್ನು ಹಿಡಿದು, "ತೆಲುಗೇ ಕದಾ?" ಎಂದರು. ನಾವು ತಲೆಯಾಡಿಸಿದೆವು. ಹಿಂದೆ ಸಾಲು ಉದ್ದವಿತ್ತು. ಅವರು ಒರಟಾಗಿ ಕೇಳಿರಲಿಲ್ಲ, ಕನ್ನಡ ಎಂದಿದ್ದರೆ ಕನ್ನಡ ಎಂದೇ ಬರೆಯುತ್ತಿದ್ದರು. ಹೆದರುವಂಥದ್ದು ಏನೂ ಇರಲಿಲ್ಲ. ಸುಮ್ಮನೆ ತೊಂದರೆ ಯಾಕೆ ಎಂದು ಹೌದು ಎಂದೆವು.

ಯಾಜಕರ ಮನೆಯಂಗಳದಲ್ಲಿ ಪೇತ್ರನಿಗೆ ಬಂದ ಪ್ರಶ್ನೆಗಳೂ ಹೌದು ಅಲ್ಲ ಎಂಬ ಉತ್ತರದವೇ. ಮತ್ತಾಯನ ಶುಭಸಂದೇಶ ಓದಿ ನೋಡಿ. ಕೊನೆಗೆ ಅಲ್ಲಿ ನಿಂತವರು ಅವನ ಗುರುತು ಹಿಡಿದದ್ದು ಅವನ ಗಲಿಲೇಯದ ಮಾತಿನಿಂದ. ಬಾಯಿ ಇಲ್ಲ ಎಂದಿತು, ನುಡಿ ಹೌದು ಎಂದಿತು. ಪೇತ್ರನಿಗೆ ಜೀವಭಯವಾದರೂ ಇತ್ತು. ನಮಗೆ ಇದ್ದದ್ದು ಸಾಲಿನ ಭಯ.

ಮುಂದಿನ ಭಾನುವಾರ ಇದನ್ನು ಮಕ್ಕಳಿಗೆ ಹೇಳಿದೆವು. ತೀರ್ಪು ಕೊಟ್ಟವರು ತಮ್ಮದನ್ನು ಮುಚ್ಚಿಡಬಾರದು ಎನಿಸಿತು. ಆ ಹುಡುಗಿ ನಕ್ಕಳು, "ಹಂಗಾದ್ರೆ ನಿಮ್ಮದೂ ಎಂಟನೇ ಉತ್ತರ ಅಂಕಲ್!" ನಾವೂ ನಕ್ಕೆವು, ಆದರೆ ಒಂದು ವ್ಯತ್ಯಾಸ ಇದೆ. ಅವಳು ದಾರಿ ತಪ್ಪಿಸಿದ್ದು ಎಂಟು ಜನ ಗೆಳೆಯರನ್ನು, ಅದೂ ಕಾಲು ಗಂಟೆ. ನಮ್ಮ ಉತ್ತರ ಯಾವುದೋ ಕಡತದಲ್ಲಿ ಈಗಲೂ ಇದೆ. ಹಾಗೆ ತಲೆಯಾಡಿಸಿದವರು ನಾವೊಬ್ಬರೇ ಇರಲಾರೆವು. ಇಲ್ಲಿ ಕನ್ನಡದವರು ಎಷ್ಟು ಮಂದಿ, ಕನ್ನಡದಲ್ಲಿ ಬಲಿಪೂಜೆ ಬೇಕೇ, ಶಾಲೆಯಲ್ಲಿ ಕನ್ನಡ ಬೇಕೇ ಎಂದು ಕೇಳುವವರು ನೋಡುವುದು ಕಡತವನ್ನೇ. ಜನಗಣತಿಯಲ್ಲಿ ಮಾತೃಭಾಷೆ ಎಂದರೆ ಎಳವೆಯಲ್ಲಿ ತಾಯಿ ನಮ್ಮೊಡನೆ ಆಡಿದ ಭಾಷೆ. ಅದಕ್ಕೆ ಒಂದೇ ಜಾಗ. ಬಲ್ಲ ಇತರ ಭಾಷೆಗಳಿಗೆ ಇನ್ನೆರಡು ಜಾಗವಿದೆ. ತೆಲುಗನ್ನು ಅಲ್ಲಿ ಸಂತೋಷದಿಂದ ಬರೆಸಬಹುದು. ಅದೂ ನಮ್ಮ ಅನ್ನದ ಭಾಷೆ, ನಾವು ಅರ್ಧ ಪ್ರಾರ್ಥನೆ ಹೇಳುವ ಭಾಷೆ.

ಮಕ್ಕಳು ಆಟದ ನಿಯಮ ತಿದ್ದಿದರು. ಅಕಿನೇಟರ್ ಎಂಬ ಗಣಕದ ಆಟದಲ್ಲಿ ಹೌದು, ಅಲ್ಲ ಅಲ್ಲದೆ ಗೊತ್ತಿಲ್ಲ, ಇರಬಹುದು, ಇರಲಾರದು ಎಂದೂ ಹೇಳಬಹುದಂತೆ. ನಮ್ಮವರು ಅಷ್ಟೆಲ್ಲ ಬೇಡವೆಂದು ಮೂರನೆಯ ಉತ್ತರ ಒಂದನ್ನೇ ಸೇರಿಸಿದರು: "ಪ್ರಶ್ನೆ ಬದಲಾಯಿಸಿ ಕೇಳಿ." ಅವತ್ತು ರಾಯದುರ್ಗದ ಹುಡುಗನ ಸರದಿ. ಅವನು ಇಟ್ಟುಕೊಂಡಿದ್ದು ರಾಳ್ಲಪಲ್ಲಿ ಅನಂತಕೃಷ್ಣ ಶರ್ಮರನ್ನು. ಅನಂತಪುರ ಜಿಲ್ಲೆಯಲ್ಲಿ ಹುಟ್ಟಿ, ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ದಶಕಗಳ ಕಾಲ ತೆಲುಗು ಪಾಠ ಹೇಳಿದ ಸಂಗೀತ ವಿದ್ವಾಂಸರು. ಮೂರನೆಯ ಉತ್ತರ ನಾಲ್ಕು ಸಲ ಬಂತು. ಹದಿನೇಳನೆಯ ಪ್ರಶ್ನೆಗೆ ಆ ಹುಡುಗಿಯೇ ಹೆಸರು ಹಿಡಿದಳು.