ಬಿಸಿಗೆ ಒಂದು ದಾರಿ

ನಾಟಿಯ ಹಂಗಾಮು ಬಂತೆಂದರೆ ಸಿಂಧನೂರಿನಲ್ಲಿ ಬೆಳಕಿಗಿಂತ ಮೊದಲು ಟ್ರ್ಯಾಕ್ಟರುಗಳು ಏಳುತ್ತವೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ನಿಂತ ಗದ್ದೆಗಳಲ್ಲಿ ಕಬ್ಬಿಣದ ಕೇಜ್‌ವೀಲ್ ಹಾಕಿಕೊಂಡು ಎರೆಮಣ್ಣನ್ನು ಕಲಸುತ್ತ ಇಡೀ ದಿನ ದುಡಿಯುತ್ತವೆ. 1953ರಲ್ಲಿ ಹೊಸಪೇಟೆಯ ಅಣೆಕಟ್ಟೆಯಲ್ಲಿ ನೀರು ನಿಲ್ಲುವ ಮೊದಲು ಇದು ಜೋಳ, ಹತ್ತಿಯ ಸೀಮೆ. ಇವತ್ತು ಸೋನಾ ಮಸೂರಿಯ ಸೀಮೆ. ಎತ್ತುಗಳ ಜಾಗಕ್ಕೆ ಟ್ರ್ಯಾಕ್ಟರು ಬಂದಿದೆ. ಎತ್ತಿನ ಮೇಲಿದ್ದ ಅಕ್ಕರೆಯೂ ಅದಕ್ಕೇ ಬಂದಿದೆ. ಹೊಸ ಗಾಡಿ ಅಂಗಳಕ್ಕೆ ಬಂದ ದಿನ ಆರತಿ ಎತ್ತದ ಮನೆಯನ್ನು ಈ ಕಡೆ ನಾನು ಕಂಡಿಲ್ಲ.

ಇಷ್ಟು ದುಡಿಯುವ ಗಾಡಿಯಲ್ಲಿ ಬಹಳ ಸಲ ಮೊದಲು ಸೋಲುವುದು ಎಂಜಿನ್ನಲ್ಲ, ಅದರ ಮೇಲಿನ ಮುಚ್ಚಳ. ಗಿಡದ ಟೊಂಗೆಗೆ ತಾಗಿ ಬಾನೆಟ್ಟು ನೆಗ್ಗುತ್ತದೆ. ಕೆಸರು ಕೂತಲ್ಲಿ ತಗಡು ತುಕ್ಕು ಹಿಡಿಯುತ್ತದೆ. ಲಾಕು ಸಡಿಲಾಗಿ ಸೈಡ್ ಪ್ಯಾನೆಲ್ ದಾರಿಯಲ್ಲೆಲ್ಲೋ ಬಿದ್ದುಹೋಗುತ್ತದೆ. ಕಂಪನಿ ಮಾಲು ಕೊಳ್ಳುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. ಆಗ ಲೋಕಲ್ ಮಾಲು ನೋಡುತ್ತಾರೆ. ತಗಡಿನದೋ ಫೈಬರಿನದೋ ಒಂದನ್ನು ತಂದು ಪರಿಚಯದ ಮೇಸ್ತ್ರಿಯ ಮುಂದಿಡುತ್ತಾರೆ.

ಮುಚ್ಚಳ ಕೂರಿಸುವುದು ಸಣ್ಣ ಕೆಲಸವೆಂದು ತೋರುತ್ತದೆ. ನಾಲ್ಕು ಬೋಲ್ಟು ಬಿಗಿದರೆ ಮುಗಿಯಿತಲ್ಲ! ಆದರೆ ಹೊರಗಿನ ಮಾಲಿನ ತೂತು ಗಾಡಿಯ ತೂತಿಗೆ ಸರಿಯಾಗಿ ಕೂಡುವುದು ಅಪರೂಪ, ಬೆರಳಿನಷ್ಟು ಆಚೀಚೆ ಇರುತ್ತದೆ. ಅವಸರದ ಕೈ ಅದನ್ನು ಜಗ್ಗಿ, ಬೋಲ್ಟಿನ ಬಲದಿಂದಲೇ ಎಳೆದು ಕೂರಿಸುತ್ತದೆ. ಕೂತದ್ದು ಕೂತಂತೆಯೇ ಕಾಣುತ್ತದೆ. ಆದರೆ ಡೀಸೆಲ್ ಎಂಜಿನ್ನಿನ ನಡುಕ ಆ ಎಳೆತವನ್ನು ಹುಡುಕಿಕೊಂಡು ಬರುತ್ತದೆ, ತೂತಿನ ಅಂಚಿನಿಂದ ಬಿರುಕು ಶುರುವಾಗುತ್ತದೆ. ಬಲ್ಲ ಮೇಸ್ತ್ರಿ ಮೊದಲು ಬೋಲ್ಟು ಮುಟ್ಟುವುದಿಲ್ಲ. ಮುಚ್ಚಳವನ್ನು ಸುಮ್ಮನೆ ಮೇಲಿಟ್ಟು ಸುತ್ತ ನಡೆದು ನೋಡುತ್ತಾನೆ. ಎಲ್ಲಿ ಮೇಲೆದ್ದಿದೆ, ಎಲ್ಲಿ ಒತ್ತುತ್ತಿದೆ ಎಂದು ಅಂಗೈಯಿಂದ ತಿಳಿಯುತ್ತಾನೆ. ಫ್ಯಾನಿಗೆ, ಬೆಲ್ಟಿಗೆ, ವೈರಿಗೆ, ಡೀಸೆಲ್ ಪೈಪಿಗೆ ಎಷ್ಟು ಅಂತರ ಉಳಿಯಿತೆಂದು ತಿಳಿಯಲು ಮೆತ್ತನೆಯ ಮಣ್ಣಿನ ಉಂಡೆಯನ್ನು ಅಲ್ಲಿಟ್ಟು ಮುಚ್ಚಿ, ತೆಗೆದು, ಉಂಡೆ ಎಷ್ಟು ಚಪ್ಪಟೆಯಾಗಿದೆ ನೋಡಿದರೆ ಸಾಕು. ಆಮೇಲೆ ತೂತನ್ನು ಅರದಿಂದ ಉಜ್ಜಿ ಉದ್ದ ಮಾಡಿ, ರಬ್ಬರ್ ಬುಷ್ ಕೊಟ್ಟು, ಅಗಲದ ವಾಶರ್ ಹಾಕಿ, ಎಲ್ಲ ಬೋಲ್ಟನ್ನೂ ಅರ್ಧರ್ಧ ತಿರುಗಿಸಿ, ಕೊನೆಗೆ ಒಂದೊಂದಾಗಿ ಬಿಗಿಯುತ್ತಾನೆ. ತೀರಾ ಬಿಗಿಯುವುದೂ ಇಲ್ಲ. ಬಿಸಿಯಾದಾಗ ತಗಡು ಹಿಗ್ಗುತ್ತದೆ, ಫೈಬರು ಬೇರೆ ಅಳತೆಯಲ್ಲಿ ಹಿಗ್ಗುತ್ತದೆ. ಆ ಹಿಗ್ಗಿಗೆ ಕೂದಲೆಳೆಯ ಸಡಿಲು ಬೇಕು.

ಇದೆಲ್ಲ ಕೈಕೆಲಸದ ಮಾತು. ನನ್ನನ್ನು ಹೆಚ್ಚು ಕಾಡುವುದು ಬಿಸಿಯ ಮಾತು.

ನಾವು ಸುಡುವ ಡೀಸೆಲ್ಲಿನ ಶಕ್ತಿಯಲ್ಲಿ ಹೆಚ್ಚೂಕಡಿಮೆ ಮೂರರಲ್ಲಿ ಒಂದು ಪಾಲು ಮಾತ್ರ ಗಾಲಿಗೆ ದುಡಿಮೆಯಾಗಿ ಸಿಗುತ್ತದೆ. ಉಳಿದದ್ದೆಲ್ಲ ಬಿಸಿ. ಒಂದಿಷ್ಟು ಸೈಲೆನ್ಸರಿನಿಂದ ಹೊರಬೀಳುತ್ತದೆ, ಒಂದಿಷ್ಟು ರೇಡಿಯೇಟರಿನ ನೀರಿಗೆ ಇಳಿಯುತ್ತದೆ, ಒಂದಿಷ್ಟು ಎಂಜಿನ್ನಿನ ಮೈಯಿಂದಲೇ ಸುತ್ತ ಸೂಸುತ್ತದೆ. ಮುಂದಿನ ಜಾಲರಿಯಿಂದ ಒಳಬಂದ ಗಾಳಿ ರೇಡಿಯೇಟರನ್ನು ದಾಟಿ, ಎಂಜಿನ್ನಿನ ಮೈ ಸವರಿ, ಪಕ್ಕದ ಸೀಳುಗಳಿಂದ ಹೊರಹೋಗಬೇಕು. ಬಂದ ಗಾಳಿಗೆ ಹೋಗುವ ದಾರಿ ಇಲ್ಲದಿದ್ದರೆ ಫ್ಯಾನು ಎಷ್ಟು ತಿರುಗಿದರೂ ವ್ಯರ್ಥ. ರಾಯಚೂರು ಜಿಲ್ಲೆಯ ಏಪ್ರಿಲ್, ಮೇ ತಿಂಗಳಲ್ಲಿ ಹೊರಗಿನ ಗಾಳಿಯೇ 40 ಡಿಗ್ರಿ ದಾಟಿರುತ್ತದೆ. ಎರಡನೇ ಬೆಳೆಯ ಕೊಯ್ಲು ಬರುವುದೂ ಆ ಹೊತ್ತಿಗೇ. ಭತ್ತದ ಹೊಟ್ಟು ಜಾಲರಿಗೆ ಮೆತ್ತಿ ಕೂರುತ್ತದೆ, ಒಣಹುಲ್ಲಿನ ಎಳೆ ಸೈಲೆನ್ಸರಿನ ಬುಡಕ್ಕೆ ಸೇರುತ್ತದೆ. ಅಂಥ ಕಡೆ ಕಿಡಿಯೇ ಬೇಕೆಂದಿಲ್ಲ, ಕಾದ ಕಬ್ಬಿಣ ಸಾಕು.

ಮಸ್ಕಿಯ ಕಡೆಯ ಹುಡುಗನೊಬ್ಬ ಮೊಬೈಲಿನಲ್ಲಿ ಸ್ಪೋರ್ಟ್ಸ್ ಕಾರಿನ ಚಿತ್ರ ಹಿಡಿದುಕೊಂಡು ಮೇಸ್ತ್ರಿಯ ಹತ್ತಿರ ಬಂದಿದ್ದನ್ನು ನೋಡಿದ್ದೇನೆ. ಎಂಜಿನ್ನಿನ ಮೇಲೆ ಕಪ್ಪಗೆ ಹೊಳೆಯುವ ಕಾರ್ಬನ್ ಫೈಬರಿನ ಕವರು. ತನ್ನ ಗಾಡಿಗೂ ಅಂಥದೇ ಬೇಕೆಂಬ ಆಸೆ.

“ಕಾಕಾ, ಇದರಂಗ ಆಗಬೇಕು ನೋಡ್ರಿ. ಒಳಗಿಂದು ಏನೂ ಕಾಣಬಾರದು.”

“ಕಾಣದಂಗ ಮಾಡೋಣಪಾ. ಗಾಳಿ ಎಲ್ಲಿಂದ ಬರಬೇಕು, ಎಲ್ಲಿಂದ ಹೋಗಬೇಕು, ಅದನ್ನ ಮೊದಲು ಹೇಳು.”

ಹುಡುಗ ಸುಮ್ಮನಾದ. ಮೇಸ್ತ್ರಿ ಆ ಚಿತ್ರವನ್ನೇ ದೊಡ್ಡದು ಮಾಡಿಸಿದರು. ಕವರಿನ ಅಂಚಿನುದ್ದಕ್ಕೂ ಸೀಳುಗಳಿದ್ದವು. “ನೋಡು ತಮ್ಮಾ, ಅವರೂ ಬಿಟ್ಟಾರ,” ಎಂದರು. ಬೈಗುಳವಿರಲಿಲ್ಲ, ತಾನು ಬಲ್ಲೆನೆಂಬ ಜಂಬವೂ ಇರಲಿಲ್ಲ. ಹುಡುಗನ ಆಸೆಯನ್ನು ಅವರು ಸಣ್ಣದು ಮಾಡಲಿಲ್ಲ. ಚಂದದ ಬಾನೆಟ್ಟನ್ನೇ ಕೂರಿಸಿಕೊಟ್ಟರು, ಎರಡು ಬದಿಗೂ ಜಾಲರಿ ಬಿಟ್ಟು.

ಮೇಸ್ತ್ರಿ ಹೇಳಿದ್ದು ನಿಜ. ಟ್ರ್ಯಾಕ್ಟರಿಗೂ ಸ್ಪೋರ್ಟ್ಸ್ ಕಾರಿಗೂ ನಾವು ಅಂದುಕೊಂಡಷ್ಟು ದೂರವಿಲ್ಲ. ಇಟಲಿಯ ಫೆರುಚ್ಚೊ ಲ್ಯಾಂಬೊರ್ಗಿನಿ 1948ರಲ್ಲಿ ಶುರುಮಾಡಿದ್ದು ಟ್ರ್ಯಾಕ್ಟರ್ ಕಾರ್ಖಾನೆ. ಮಹಾಯುದ್ಧದಲ್ಲಿ ಮಿಕ್ಕಿದ ಸಾಮಾನುಗಳಿಂದ ರೈತರಿಗೆ ಗಾಡಿ ಕಟ್ಟಿಕೊಟ್ಟವರು ಅವರು. ಕಾರಿನ ಕಂಪನಿ ಬಂದದ್ದು 1963ರಲ್ಲಿ. 1966ರ ಮ್ಯೂರಾ ಕಾರಿನಲ್ಲಿ ಎಂಜಿನ್ನು ಸೀಟಿನ ಹಿಂದೆಯೇ ಅಡ್ಡಲಾಗಿ ಕೂತಿತ್ತು. ಅದರ ಮೇಲೆ ಗಾಜು ಮುಚ್ಚಲಿಲ್ಲ, ಕಿಟಕಿಯ ಪಟ್ಟಿಗಳಂತೆ ಕಪ್ಪು ಪಟ್ಟಿಗಳನ್ನು ಸಾಲಾಗಿ ಜೋಡಿಸಿದರು. 1987ರ ಫೆರಾರಿ ಎಫ್40ರ ಹಿಂದಿನ ಮುಚ್ಚಳ ಪಾರದರ್ಶಕ ಪ್ಲಾಸ್ಟಿಕ್ಕಿನದು, ಅದರಲ್ಲೂ ಸಾಲುಸಾಲು ಸೀಳು. ಜಗತ್ತು ಚಂದವೆಂದು ಹೊಗಳಿದ್ದು ಆ ಸೀಳುಗಳನ್ನೇ. ಅವು ಹುಟ್ಟಿದ್ದು ಬಿಸಿ ಹೊರಹೋಗಲೆಂದು. ಈಗ ಸೀಳಿನ ಆಕಾರವನ್ನಷ್ಟೇ ಅಚ್ಚುಹಾಕಿ, ತೂತೇ ಇಲ್ಲದೆ ಮಾರುವ ಕವರುಗಳೂ ಬಂದಿವೆ. ಎಂಜಿನ್ನಿನ ಮೇಲೆ ಅಂಥದನ್ನು ಬಿಗಿಯುವುದು ಅದಕ್ಕೆ ಮಾಡುವ ಅನ್ಯಾಯ ಎಂದೇ ನನ್ನ ಭಾವನೆ.

ನಮ್ಮ ಹಿರಿಯರಿಗೆ ಈ ವಿವೇಕ ಇತ್ತು. ಕಾರಹುಣ್ಣಿಮೆಯ ದಿನ ಎತ್ತಿಗೆ ಬಣ್ಣದ ಜೂಲು ಹೊದಿಸಿ ಊರೆಲ್ಲ ಮೆರೆಸುತ್ತಿದ್ದರು. ಮರುದಿನ ನೊಗ ಹೂಡುವಾಗ ಆ ಜೂಲನ್ನು ಮಡಿಸಿ ಗಳಕ್ಕೆ ಹಾಕುತ್ತಿದ್ದರು. ಜೂಲು ಹೊದ್ದ ಎತ್ತಿನಿಂದ ಎರೆಹೊಲ ಹರಗಿಸಿದವರು ಯಾರೂ ಇಲ್ಲ.

ಜೇವರ್ಗಿಯಿಂದ ಬರುವ ರಾಷ್ಟ್ರೀಯ ಹೆದ್ದಾರಿ 150ಎ ಲಿಂಗಸುಗೂರು, ಮಸ್ಕಿ, ಸಿಂಧನೂರುಗಳನ್ನು ಒಂದೇ ದಾರದಲ್ಲಿ ಪೋಣಿಸುತ್ತದೆ. ಬೆಳಗಿನ ತಂಪಿನಲ್ಲಿ ಆ ದಾರಿ ಹಿಡಿದು ಹೋಗುವಾಗ ಮಸ್ಕಿಯ ಗುಡ್ಡ ಕಂಡರೆ ನನಗೆ ಆ ಮೇಸ್ತ್ರಿಯ ನೆನಪಾಗುತ್ತದೆ. 1915ರಲ್ಲಿ ಚಿನ್ನ ಹುಡುಕಿಕೊಂಡು ಅಲೆಯುತ್ತಿದ್ದ ಗಣಿ ಎಂಜಿನಿಯರ್ ಸಿ. ಬೀಡನ್ ಅಲ್ಲಿಯ ಬಂಡೆಯ ಮೇಲೆ ಅಶೋಕನ ಶಾಸನ ಕಂಡರು. ಶಾಸನಗಳಲ್ಲಿ ಬರುವ ‘ದೇವಾನಾಂಪ್ರಿಯ’ನೆಂದರೆ ಅಶೋಕನೇ ಎಂದು ಜಗತ್ತಿಗೆ ಖಚಿತವಾದದ್ದು ಅಲ್ಲಿಂದ. ಅದು ಚರಿತ್ರೆಯ ಪುಸ್ತಕದ ಮಾತು. ಆ ಬಂಡೆಯ ಮೇಲಿನ ಆಶಯ ನನಗೆ ಇನ್ನೂ ಹತ್ತಿರ: ಎತ್ತರದ ಗುರಿ ದೊಡ್ಡವರಿಗೆ ಮಾತ್ರ ಎಂದು ತಿಳಿಯಬೇಡಿ, ಸಣ್ಣವನೂ ಧರ್ಮದಲ್ಲಿ ತೊಡಗಿದರೆ ಅಲ್ಲಿಗೆ ತಲುಪುತ್ತಾನೆ. ಇಟಲಿಯ ಕಾರ್ಖಾನೆಯ ಎಂಜಿನಿಯರುಗಳು ಲೆಕ್ಕ ಹಾಕಿ ಕಂಡುಕೊಂಡದ್ದನ್ನು ಎಣ್ಣೆಗೈಯ ಮೇಸ್ತ್ರಿ ಅಂಗೈಯ ಕಾವಿನಿಂದ ಕಂಡುಕೊಂಡಿದ್ದಾರೆ.

ಇನ್ನೂ ಮುಂದೆ, ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಚಿನ್ನದ ಗಣಿ ಇದೆ. ಆಳಕ್ಕೆ ಇಳಿದಷ್ಟೂ ಬಂಡೆ ಬಿಸಿಯಾಗುತ್ತದೆ. ಅಲ್ಲಿ ಅದಿರು ಮೇಲೆ ಬರುವ ದಾರಿಯಷ್ಟೇ ಮುಖ್ಯ, ಗಾಳಿ ಒಳಹೋಗಿ ಹೊರಬರುವ ದಾರಿ. ಆ ಗಾಳಿ ನಿಂತ ದಿನ ಯಾವ ಗಣಿಯಲ್ಲೂ ಮನುಷ್ಯ ಇಳಿಯುವಂತಿಲ್ಲ.

ಮುಚ್ಚಳಕ್ಕೆ ಇನ್ನೊಂದು ಗುಣವೂ ಇರಬೇಕು. ಅದು ಸುಲಭವಾಗಿ ತೆರೆಯಬೇಕು. ಪಾನಾ ಹುಡುಕಿ, ಎಂಟು ನಟ್ಟು ಬಿಚ್ಚಿ ತೆಗೆಯುವಂತಿದ್ದರೆ ಯಾರೂ ದಿನಾ ತೆಗೆಯುವುದಿಲ್ಲ. ತೆಗೆಯದಿದ್ದರೆ ಎಣ್ಣೆಯ ಸೋರಿಕೆ ಕಾಣುವುದಿಲ್ಲ, ಇಲಿ ಕಡಿದ ವೈರು ಕಾಣುವುದಿಲ್ಲ, ಸೀಳಿದ ಬೆಲ್ಟು ಕಾಣುವುದಿಲ್ಲ. ಕಣ್ಣಿಗೆ ಬೀಳದ ಕಡೆ ಸವೆತ ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ಇದನ್ನು ಸಿಂಧನೂರಿನ ರೈತರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 33 ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋಯಿತು. ತುಂಬಿದ ಜಲಾಶಯದ ನೀರು ಹೊಳೆಗೆ ಹರಿದುಹೋಗುವುದನ್ನು ನೋಡುತ್ತ, ಈ ಸೀಮೆ ಉಸಿರು ಬಿಗಿಹಿಡಿದು ಕೂತಿತ್ತು. ಒಂದು ವಾರದಲ್ಲಿ ತಾತ್ಕಾಲಿಕ ಸ್ಟಾಪ್‌ಲಾಗ್ ಇಳಿಸಿ ನೀರು ತಡೆದ ತಂತ್ರಜ್ಞರ, ಕೆಲಸಗಾರರ ಋಣ ನಮ್ಮ ಮೇಲಿದೆ.

ಮನೆಗಳನ್ನು ನೋಡುವಾಗಲೂ ನನಗೆ ಇದೇ ಯೋಚನೆ. ನಮ್ಮ ಕಡೆಯ ಗಂಡಸರು ಕಷ್ಟವನ್ನು ಮುಚ್ಚಿಡುವುದರಲ್ಲಿ ಬಹಳ ಗಟ್ಟಿಗರು. ಭತ್ತದ ಧಾರಣೆ ಬಿದ್ದಿರುತ್ತದೆ, ಗೊಬ್ಬರದ ಅಂಗಡಿಯ ಉದ್ರಿ ಏರಿರುತ್ತದೆ, ಟ್ರ್ಯಾಕ್ಟರಿನ ಕಂತು ತಪ್ಪಿರುತ್ತದೆ. ಚಾದಂಗಡಿಯಲ್ಲಿ ಕೇಳಿದರೆ “ಆರಾಮ ಅದೀನ್ರಿ” ಎನ್ನುತ್ತಾರೆ. ಅದನ್ನು ಸುಳ್ಳೆಂದು ನಾನು ಹೇಳಲಾರೆ. ಮನುಷ್ಯನಿಗೆ ಮಾನದ ಮುಚ್ಚಳ ಬೇಕು, ಎಲ್ಲರೆದುರು ಎಲ್ಲವನ್ನೂ ತೆರೆದಿಡುವುದು ಯಾರಿಂದಲೂ ಆಗದು. ಆದರೆ ಒಳಗಿನ ಕಾವು ಹೋಗಲು ಒಂದಾದರೂ ಸೀಳು ಇರಬೇಕು. ಹೆಂಡತಿ ಆಗಬಹುದು, ಅಣ್ಣ ಆಗಬಹುದು, ಪಕ್ಕದ ಹೊಲದ ಗೆಳೆಯ ಆಗಬಹುದು. ಆ ಒಬ್ಬರ ಕೈಗೆ ಮುಚ್ಚಳ ತೆರೆಯುವುದು ಗೊತ್ತಿರಬೇಕು. ಕೇಳುವವರೂ ಮೇಸ್ತ್ರಿಯ ಹಾಗೆ ಕೇಳಬೇಕು, ತಪ್ಪು ಹುಡುಕಲಿಕ್ಕಲ್ಲ, ಎಲ್ಲಿ ಒತ್ತುತ್ತಿದೆ ಎಂದು ತಿಳಿಯಲಿಕ್ಕೆ. ಎಷ್ಟೋ ಮನೆಗಳಲ್ಲಿ ಹಾಗೆ ಕೇಳುವ ಒಬ್ಬರು ಇದ್ದಿದ್ದರೆ ಇವತ್ತು ಆ ಮನೆಯ ಯಜಮಾನ ಇರುತ್ತಿದ್ದನೇನೋ.

ಕೊಯ್ಲಿನ ದಿನಗಳಲ್ಲಿ ಗಾಡಿ ಓಡಿಸುವ ತಮ್ಮಂದಿರಲ್ಲಿ ನನ್ನದೊಂದು ಬೇಡಿಕೆ. ಬೆಳಿಗ್ಗೆ ಕೀ ತಿರುಗಿಸುವ ಮೊದಲು, ಎಂಜಿನ್ನು ತಣ್ಣಗಿರುವಾಗಲೇ ಬಾನೆಟ್ಟು ಎತ್ತಿ. ಜಾಲರಿಯ ಹೊಟ್ಟನ್ನು ಬ್ರಷ್ಷಿನಿಂದ ಝಾಡಿಸಿ, ಸೈಲೆನ್ಸರಿನ ಬುಡದ ಹುಲ್ಲು ತೆಗೆಯಿರಿ, ರೇಡಿಯೇಟರಿನ ನೀರು ನೋಡಿ. ಹೊಸ ಕವರು ಹಾಕಿಸುವುದಿದ್ದರೆ ಬಣ್ಣ ಆರಿಸುವ ಮೊದಲು ಅದರ ಸೀಳಿಗೆ ಬೆರಳು ಹಾಕಿ, ತೂತು ನಿಜವಾಗಿಯೂ ಇದೆಯೇ ಎಂದು ಖಾತ್ರಿ ಮಾಡಿಕೊಳ್ಳಿ. ಹೊಲಕ್ಕೆ ಹೊರಡುವಾಗ ನಿಮ್ಮ ಜತೆ ಕೂರುವವನು ಎರಡು ದಿನದಿಂದ ಮಾತು ಕಡಿಮೆ ಮಾಡಿದ್ದರೆ, ಗಾಡಿ ಚಾಲೂ ಮಾಡುವ ಮೊದಲೇ ಅವನನ್ನು ಮಾತಾಡಿಸಿ.