ಸಾಕಿದವನ ಪಾಲು

ಪ್ರಾಣಿಯೊಂದನ್ನು ಸಾಕುವವನು ಅದರ ಒಡಲನ್ನು ಮಾತ್ರವೇ ಸಾಕುತ್ತಾನೆಯೋ, ಅಥವಾ ಅದರ ಸ್ವಭಾವವನ್ನೂ ಆ ಸ್ವಭಾವದಿಂದ ಹುಟ್ಟುವ ಕರ್ಮವನ್ನೂ ತನ್ನ ಅಂಗಳಕ್ಕೆ ಬರಮಾಡಿಕೊಳ್ಳುತ್ತಾನೆಯೋ ಎಂಬ ಪ್ರಶ್ನೆ ಸುಳ್ಯದ ಸೀಮೆಯಲ್ಲಿ ಕೇವಲ ತರ್ಕವಿನೋದವಲ್ಲ. ಇಲ್ಲಿಯ ಮನೆಗಳು ಒಂದಕ್ಕೊಂದು ಒತ್ತಿ ನಿಂತವಲ್ಲ. ಒಂದೊಂದು ಅಡಕೆ ತೋಟದ ತಲೆಯಲ್ಲಿ ಒಂದೊಂದು ಮನೆ, ನಡುವೆ ಗುಡ್ಡ, ತೋಡು, ಕಾಡು. ಆದುದರಿಂದ ನಾಯಿಯಿಲ್ಲದ ಮನೆ ಅಪೂರ್ವ. ಹಗಲು ಸರಪಳಿಯಲ್ಲಿ ಮಲಗಿ ರಾತ್ರಿ ತೋಟ ಕಾಯುವ ಊರ ನಾಯಿಯ ಜೊತೆಗೆ, ಪೇಟೆಯಲ್ಲಿರುವ ಮಕ್ಕಳು ತಂದು ಬಿಟ್ಟ ಜ್ಯಾಕ್ ರಸೆಲ್ ಟೆರಿಯರ್ ಎಂಬ ಗಿಡ್ಡ ಬಿಳಿ ನಾಯಿಯೂ ಈಚೆಗೆ ಕೆಲವೆಡೆ ಕಾಣಸಿಗುತ್ತದೆ. ಒಂದಡಿಯಷ್ಟು ಎತ್ತರ, ಆರೇಳು ಕಿಲೋ ತೂಕ. ಸುಮ್ಮನೆ ಕುಳಿತದ್ದನ್ನು ಕಂಡವರಿಲ್ಲ.

ಈ ತಳಿಯ ಮೂಲಪುರುಷನು ಒಬ್ಬ ಪಾದ್ರಿ. ಇಂಗ್ಲೆಂಡಿನ ಡೆವನ್ ಪ್ರಾಂತದ ಜಾನ್ ರಸೆಲ್ (1795–1883) ಆಕ್ಸ್‌ಫರ್ಡಿನಲ್ಲಿ ಓದುತ್ತಿದ್ದಾಗ ಹಾಲು ಮಾರುವವನೊಬ್ಬನಿಂದ ಟ್ರಂಪ್ ಎಂಬ ಹೆಣ್ಣು ನಾಯಿಯನ್ನು ಕೊಂಡು ಅದರಿಂದ ಸಂತತಿಯನ್ನು ಬೆಳೆಸಿದನು. ಧರ್ಮಬೋಧಕನಿಗೆ ನರಿಬೇಟೆ ಸಲ್ಲದೆಂದು ಬಿಷಪ್ಪರು ಆಕ್ಷೇಪಿಸಿದರೂ ಅವನು ಬಿಡಲಿಲ್ಲ. ಅವನ ನಾಯಿ ಮಾಡಬೇಕಾದುದು ಇಷ್ಟೇ: ಬಿಲಕ್ಕೆ ನುಗ್ಗಿ ಬೊಗಳಿ, ನರಿಯನ್ನು ಕೊಲ್ಲದೆ ಹೊರಕ್ಕೆಬ್ಬಿಸುವುದು. ತನ್ನ ನಾಯಿಗಳಿಗೆ ರಕ್ತದ ರುಚಿ ತಿಳಿಯದೆಂಬುದು ಅವನ ಹೆಮ್ಮೆ. ಆದರೆ ಹೊರಬಂದ ನರಿಗಾಗಿ ಬೇಟೆನಾಯಿಗಳ ಹಿಂಡು ಕಾದಿರುತ್ತಿತ್ತು. ಕೊಲೆಯನ್ನು ಹೀಗೆ ಹಲವರಿಗೆ ಹಂಚಿಬಿಟ್ಟರೆ ಯಾರ ಪಾಲಿಗೂ ಪೂರ್ತಿ ಬಾರದೆಂಬ ಲೆಕ್ಕಾಚಾರವು ಆ ಪಾದ್ರಿಗೆ ಮಾತ್ರ ಹೊಳೆದುದೆಂದು ನಾನು ನಂಬಲಾರೆ. ನಮ್ಮಲ್ಲಿಯೂ ಅದು ಚೆನ್ನಾಗಿಯೇ ಬಳಕೆಯಲ್ಲಿದೆ.

ಪಯಸ್ವಿನಿಯ ದಡದ ತೋಟದ ಮನೆಯೊಂದರಲ್ಲಿ, ಸೌದೆ ಕೊಟ್ಟಿಗೆಯ ತೆಂಗಿನ ಸಿಪ್ಪೆಯ ರಾಶಿಯೊಳಗೆ ಇಲಿಗಳು ಹೆಚ್ಚಿ, ಇಲಿಗಳ ಬೆನ್ನಿಗೆ ಹಾವು ಬಂದು, ಎರಡರ ಬೆನ್ನಿಗೂ ಆ ಮನೆಯ ಟೆರಿಯರು ಬಿದ್ದಿತು. ಮುಂಗಾಲುಗಳಿಂದ ಸಿಪ್ಪೆಯನ್ನು ಕೆದರಿ ಹಿಂದಕ್ಕೆಸೆದು, ಕಿವಿಯನ್ನು ಮುಂದೊತ್ತಿ ಕ್ಷಣಮಾತ್ರ ನಿಂತು, ಹಾವಿನ ನಡುವಿಗೆ ಬಾಯಿ ಹಾಕಿ ಎಡಕ್ಕೂ ಬಲಕ್ಕೂ ಝಾಡಿಸಿತು, ಅಷ್ಟೇ. ಅಂಗಳಕ್ಕೆ ಬಿದ್ದುದು ಕೇರೆಯಾಗಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು, ಬಿದ್ದುದು ನಾಗರ. ನಾಗರಪಂಚಮಿಯಂದು ಬನದ ಕಲ್ಲಿಗೆ ಹಾಲೆರೆಯುವ ಮನೆಯಲ್ಲಿ ಇದರ ಗುರುತ್ವವನ್ನು ಬೇರೆಯವರು ವಿವರಿಸಬೇಕಾಗಿಲ್ಲ. ಸತ್ತ ನಾಗನಿಗೆ ದಹನವಾಗಬೇಕು. ದೋಷಪರಿಹಾರಕ್ಕೆ, ಈಗ ಕಡಬ ತಾಲೂಕಿಗೆ ಸೇರಿದ ಕುಕ್ಕೆ ಸುಬ್ರಹ್ಮಣ್ಯದಲ್ಲಿ ಎರಡು ದಿನಗಳ ಸರ್ಪಸಂಸ್ಕಾರವಾಗಬೇಕು. “ಕೊಂದದ್ದು ನಾಯಿ, ನಾವಲ್ಲವಲ್ಲ ಅಮ್ಮ” ಎಂದನು ಮಗ. “ನಾಯಿಗೆ ಪಾಪ ಇಲ್ಲ ಮಗ, ಅದಕ್ಕೆ ಅನ್ನ ಹಾಕಿದವರಿಗೆ ಉಂಟು” ಎಂದಳು ಆ ವೃದ್ಧೆ.

ಮಗನ ಪಕ್ಷವು ನಿರಾಧಾರವೇನಲ್ಲ. ಜೀವಿಗಳು ತಂತಮ್ಮ ಪ್ರಕೃತಿಯ ಹಿಂದೆ ಹೋಗುತ್ತವೆಂಬುದನ್ನು ಗೀತೆಯ ಮೂರನೆಯ ಅಧ್ಯಾಯವೇ ಒಪ್ಪುತ್ತದೆ. ಮಹಾಭಾರತದ ವನಪರ್ವದ ಧರ್ಮವ್ಯಾಧನಂತೂ, ನೇಗಿಲ ಮೊನೆಗೆ ಸಾಯುವ ಅಸಂಖ್ಯ ಜಂತುಗಳನ್ನು ತೋರಿಸಿ, ಪೂರ್ಣ ಅಹಿಂಸಕನಾರೆಂದು ಬ್ರಾಹ್ಮಣ ಕೌಶಿಕನನ್ನು ಕೇಳುತ್ತಾನೆ. ತಾಯಿಯ ಕಡೆಗೂ ಸಾಕ್ಷಿಗಳುಂಟು. ಹನ್ನೆರಡನೆಯ ಶತಮಾನದ ಜೈನಾಚಾರ್ಯ ಹೇಮಚಂದ್ರನು, ಲಾಭಕ್ಕಾಗಿ ನಾಯಿ ಬೆಕ್ಕು ಮೊದಲಾದುವನ್ನು ಸಾಕುವುದನ್ನೂ ಗೃಹಸ್ಥನು ವರ್ಜಿಸತಕ್ಕ ವೃತ್ತಿಗಳಲ್ಲಿ ಎಣಿಸಿದ್ದಾನೆ. ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯವು ಇನ್ನೂ ಸೂಕ್ಷ್ಮವಾದುದು: ಕೋರೆಯುಳ್ಳ, ಕೊಂಬುಳ್ಳ ಪ್ರಾಣಿಯ ಒಡೆಯನು ಶಕ್ತನಾಗಿದ್ದೂ ಅದರ ಹಾವಳಿಗೆ ಸಿಕ್ಕವನನ್ನು ಬಿಡಿಸದೆ ಹೋದರೆ ದಂಡ, ಕೂಗಿಕೊಂಡರೂ ಬಿಡಿಸದಿದ್ದರೆ ಇಮ್ಮಡಿ ದಂಡ. ಅಪರಾಧವು ಕೋರೆಯಲ್ಲಿಲ್ಲ, ಒಡೆಯತನದಲ್ಲಿಯೂ ಇಲ್ಲ; ತಡೆಯಬಲ್ಲವನು ತಡೆಯದ ಆ ಗಳಿಗೆಯಲ್ಲಿದೆ. ನಾನು ತಾಯಿಯ ಪಕ್ಷವೇ, ಆದರೆ ಈ ಕಾರಣಕ್ಕಾಗಿ.

ಇಂಥಲ್ಲಿ ಯುಧಿಷ್ಠಿರನ ನಾಯಿಯನ್ನು ಎಳೆದು ತರುವುದು ವಾಡಿಕೆ. ಆ ನಾಯಿ ಹಿಮಾಲಯದ ದಾರಿಯುದ್ದಕ್ಕೂ ಹಿಂಬಾಲಿಸಿತೇ ಹೊರತು ಮತ್ತೇನನ್ನೂ ಮಾಡಲಿಲ್ಲ. ಏನನ್ನೂ ಕೊಲ್ಲದ ನಾಯಿಗಾಗಿ ಸ್ವರ್ಗವನ್ನು ಪಣಕ್ಕಿಡುವುದು ಅಷ್ಟು ಕಠಿನವಲ್ಲವೆಂದು ನನಗೆ ತೋರುತ್ತದೆ.

ಹದಿಮೂರು ಹದಿನಾಲ್ಕು ವರ್ಷ ಬಾಳುವ ಟೆರಿಯರಿನ ವಿಷಯದಲ್ಲಿ ಒಡೆಯನ ಧರ್ಮವು ದಿನದಿನದ ದುಡಿಮೆ. ಬೆಳಗು ಬೈಗು ಅದನ್ನು ದಣಿಯುವಂತೆ ಓಡಿಸಬೇಕು. ಕೆಲಸವಿಲ್ಲದ ಟೆರಿಯರು ತಾನೇ ಕೆಲಸ ಹುಡುಕಿಕೊಳ್ಳುತ್ತದೆ, ಅದು ಹುಡುಕುವ ಕೆಲಸ ನೆಲದೊಳಗಿರುತ್ತದೆ. ತೋಟಕ್ಕಿಳಿದಾಗ ಹಗ್ಗ ಕೈಯಲ್ಲಿರಬೇಕು. ಮಳೆಗಾಲದಲ್ಲಿ ಕಾಲ್ಬೆರಳ ಸಂದಿಯ ಇಂಬಳವನ್ನೂ ಕಿವಿಯೊಳಗಿನ ಉಣ್ಣಿಯನ್ನೂ ಹುಡುಕಿ ತೆಗೆಯಬೇಕು; ಹುಚ್ಚುನಾಯಿ ರೋಗದ ಚುಚ್ಚುಮದ್ದು ತಪ್ಪಬಾರದು. ಎಲ್ಲಕ್ಕಿಂತ ಮೊದಲು, ಸಿಪ್ಪೆಯ ರಾಶಿಯನ್ನು ಮನೆಯ ಬುಡದಿಂದ ದೂರ ಸಾಗಿಸಬೇಕು. ಹಾವು ಸತ್ತ ಮೇಲೆ ಮಾಡುವ ಸಂಸ್ಕಾರಕ್ಕಿಂತ ಮೊದಲೇ ಮಾಡಬಹುದಾದ ಸಂಸ್ಕಾರ ಇದಲ್ಲವೆ?

ಇಷ್ಟಾದರೂ ಒಂದು ಲೆಕ್ಕ ಬಾಕಿ ಉಳಿಯುತ್ತದೆ. ಅದೇ ಕೊಟ್ಟಿಗೆಯಲ್ಲಿ ಅದೇ ನಾಯಿ ಕೊಂದ ಇಲಿಗಳಿಗೆ ಯಾರೂ ಮುಹೂರ್ತ ಕೇಳಲಿಲ್ಲ. ಗಣಪತಿಯ ವಾಹನವೆಂಬ ಗೌರವವೂ ಅವುಗಳ ಪಾಲಿಗೆ ಒದಗಲಿಲ್ಲ. ನಾಯಿಗೆ ಅಂದು ಒಂದು ಉಂಡೆ ಅನ್ನ ಹೆಚ್ಚೇ ಸಿಕ್ಕಿತು. ನಾನು ಇದನ್ನು ಎತ್ತಿದಾಗ ಆ ವೃದ್ಧೆ, “ಇಲಿಯ ಲೆಕ್ಕ ಹಿಡಿದರೆ ಮರದಲ್ಲಿ ಒಂದು ಕೊಕ್ಕೋ ಕಾಯಿ ಉಳಿಯುವುದುಂಟೋ?” ಎಂದಳು. ಧರ್ಮವ್ಯಾಧನಾದರೆ ಈ ಉತ್ತರವನ್ನು ಮನ್ನಿಸುತ್ತಿದ್ದನು. ಲಾಭವೆಂಬ ಮಾತು ಕಿವಿಗೆ ಬಿದ್ದೊಡನೆ ಹೇಮಚಂದ್ರನು ಖಂಡಿತ ಮನ್ನಿಸುತ್ತಿರಲಿಲ್ಲ.